ಕೀಲಿ ಒತ್ತಿದ್ದು ಅವರು, ಹೆಸರು ನಿಮ್ಮದು

ದೂರದ ಲಿನಕ್ಸ್ ಸರ್ವರ್‌ನಲ್ಲಿ ಟಿಮಕ್ಸ್ (ಒಂದೇ ಟರ್ಮಿನಲ್ ಪರದೆಯನ್ನು ಹಲವರು ಸೇರಿ ಬಳಸಲು ಬಿಡುವ ಪ್ರೋಗ್ರಾಮ್) ಸೆಷನ್ ಹಂಚಿಕೊಳ್ಳುವ ಬಹಳ ಜನ ಒಂದು ತಪ್ಪು ತಿಳಿದಿರುತ್ತಾರೆ: ಅತಿಥಿ ಬಂದದ್ದು ತನ್ನ ಖಾತೆಯಿಂದ, ಹಾಗಾಗಿ ಅವನ ಅಧಿಕಾರವೂ ಅಷ್ಟೇ ಎಂದು. ಹಾಗಲ್ಲ! ಅವನು ಒತ್ತಿದ ಕೀಲಿ, ಆದೇಶಗಳನ್ನು ನಡೆಸುವ ನಿಮ್ಮ ಶೆಲ್ಲಿಗೇ ಹೋಗುತ್ತದೆ. ಅವನು ಕಡತ ಅಳಿಸಿದರೆ ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಲೆಕ್ಕದಲ್ಲಿ ಅಳಿಸಿದ್ದು ನೀವು. ಸ್ವಲ್ಪ ಮುಂಚೆ ನೀವು ಸುಡೊಗೆ (ನಿರ್ವಾಹಕರ ಅಧಿಕಾರದಲ್ಲಿ ಆದೇಶ ನಡೆಸುವ ಸಾಧನ) ಪಾಸ್‌ವರ್ಡ್ ಕೊಟ್ಟಿದ್ದರೆ, ಮುಂದಿನ ಕೆಲವು ನಿಮಿಷ ಆ ಅಧಿಕಾರ ಅವನ ಕೈಯಲ್ಲೂ ನಡೆಯುತ್ತದೆ.

ಇಬ್ಬರಿಗೆ ಒಂದೇ ಗುರುತು ಕೊಟ್ಟು ಪೆಟ್ಟು ತಿಂದ ಕಥೆ ಹಳೆಯದು. 1960ರ ದಶಕದಲ್ಲಿ ಎಂಐಟಿಯಲ್ಲಿ ಹಲವರು ಒಟ್ಟಿಗೆ ಬಳಸುತ್ತಿದ್ದ ಸಿಟಿಎಸ್‌ಎಸ್ ಗಣಕ ವ್ಯವಸ್ಥೆಯಲ್ಲಿ ಒಂದೇ ಡೈರೆಕ್ಟರಿಯೊಳಗೆ ಒಬ್ಬರು ಪಾಸ್‌ವರ್ಡ್ ಕಡತವನ್ನು, ಇನ್ನೊಬ್ಬರು ದಿನದ ಸಂದೇಶವನ್ನು ತಿದ್ದುತ್ತಿದ್ದರು. ಅಲ್ಲಿ ಒಬ್ಬರೇ ಇರುತ್ತಾರೆಂದು ನಂಬಿದ್ದ ಎಡಿಟರ್ ಪ್ರೋಗ್ರಾಮ್ ಎರಡಕ್ಕೂ ಒಂದೇ ಹೆಸರಿನ ತಾತ್ಕಾಲಿಕ ಕಡತ ಬಳಸಿತು. ಕಡತಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಸಂದೇಶದ ಜಾಗದಲ್ಲಿ ಎಲ್ಲರ ಪಾಸ್‌ವರ್ಡ್ ಕಂಡವು.

ಟಿಮಕ್ಸ್‌ನಲ್ಲಿ ಸೇರುವ ಬಾಗಿಲು ಎಂದರೆ ಯುನಿಕ್ಸ್ ಸಾಕೆಟ್, ಅಂದರೆ ಒಂದೇ ಗಣಕದ ಪ್ರೋಗ್ರಾಮುಗಳು ಪರಸ್ಪರ ಮಾತಾಡುವ ವಿಶೇಷ ಕಡತ. 2022ರ 3.3 ಆವೃತ್ತಿಯಿಂದ ಆ ಬಾಗಿಲಲ್ಲಿ ಹೆಸರುಪಟ್ಟಿಯೂ ಇದೆ. ಇದರ ಸೊಗಸು ಗಮನಿಸಿ: ಬಂದವರು ಯಾರೆಂದು ಟಿಮಕ್ಸ್ ಬಂದವರನ್ನು ಕೇಳುವುದೇ ಇಲ್ಲ, ಕರ್ನೆಲ್ಲನ್ನು ಕೇಳುತ್ತದೆ. ಲಕೋಟೆಯ ಮೇಲೆ ‘ಇಂದ’ ವಿಳಾಸ ಯಾರು ಏನು ಬೇಕಾದರೂ ಬರೆಯಬಹುದು, ಅಂಚೆ ಮುದ್ರೆ ಒತ್ತುವುದು ಮಾತ್ರ ಅಂಚೆ ಕಚೇರಿ. ನ್ಯಾಯಬೆಲೆ ಅಂಗಡಿಯಲ್ಲಿ ಹೆಸರು ಹೇಳಿದರೆ ಅಕ್ಕಿ ಸಿಗುವುದಿಲ್ಲ, ಬೆರಳಚ್ಚು ಹೊಂದಬೇಕು. ಇಲ್ಲಿ ಆ ಮುದ್ರೆ, ಆ ಬೆರಳಚ್ಚು ಎಂದರೆ ಕರ್ನೆಲ್ ಹೇಳುವ ಬಳಕೆದಾರ ಸಂಖ್ಯೆ.

ಹೊಂದಿಸುವಾಗ ಸುಡೊ ಇಲ್ಲದ ಪ್ರತ್ಯೇಕ ಖಾತೆಯಿಂದಲೇ ಶುರುಮಾಡಿ. ಒಂದು ಗುಂಪು ಮಾಡಿ ಸದಸ್ಯರನ್ನು ಸೇರಿಸಿ. ಅವರು ಒಮ್ಮೆ ಲಾಗೌಟ್ ಆಗಿ ಬರದಿದ್ದರೆ ಸದಸ್ಯತ್ವ ಜಾರಿಗೆ ಬರುವುದಿಲ್ಲ. ಆ ಗುಂಪಿನ ಹೆಸರಿಗೆ ಡೈರೆಕ್ಟರಿ ಮಾಡಿ 2750 ಅನುಮತಿ (ಮಾಲೀಕರಿಗೆ ಪೂರ್ಣ, ಗುಂಪಿಗೆ ಒಳಹೋಗಿ ನೋಡುವಷ್ಟು, ಉಳಿದವರಿಗೆ ಏನೂ ಇಲ್ಲ) ಕೊಟ್ಟರೆ, ಮೊದಲ 2ರಿಂದಾಗಿ ಒಳಗೆ ಹುಟ್ಟುವ ಸಾಕೆಟ್ಟಿಗೂ ಅದೇ ಗುಂಪು ಬರುತ್ತದೆ. ಟಿಮಕ್ಸ್‌ನ ದೊಡ್ಡ ‘ಎಸ್’ (-S) ಆಯ್ಕೆಯಿಂದ ಅಲ್ಲೇ ಸಾಕೆಟ್ ತೆರೆದು ಅನುಮತಿಯನ್ನು 660 (ಮಾಲೀಕರಿಗೂ ಗುಂಪಿಗೂ ಓದು-ಬರಹ) ಮಾಡಿ. ನೋಡುವವರಿಗಷ್ಟೇ ಎಂದು 640 (ಗುಂಪಿಗೆ ಓದು ಮಾತ್ರ) ಕೊಟ್ಟು ಒದ್ದಾಡಬೇಡಿ: ಲಿನಕ್ಸ್‌ನಲ್ಲಿ ಸಾಕೆಟ್ಟಿಗೆ ಸೇರಲು ಬರೆಯುವ ಅನುಮತಿಯೇ ಬೇಕು. ಟಿಮಕ್ಸ್‌ನ ಸರ್ವರ್ ಪ್ರೋಗ್ರಾಮ್ ಮರುಹುಟ್ಟಿದಾಗ ಸಾಕೆಟ್ ಮತ್ತೆ ಮಾಲೀಕರಿಗಷ್ಟೇ ತೆರೆಯುತ್ತದೆ, ಆಗ 660 ಮತ್ತೆ ಕೊಡಬೇಕು.

ಆಮೇಲೆ ಆ ಹೆಸರುಪಟ್ಟಿಯನ್ನು ತಿದ್ದುವ ಸರ್ವರ್-ಆಕ್ಸೆಸ್ (server-access) ಆದೇಶ. ‘ಎ’ (-a) ಹೆಸರು ಸೇರಿಸುತ್ತದೆ. ‘ಎ’ ಒಂದನ್ನೇ ಕೊಟ್ಟರೆ ಟೈಪ್ ಮಾಡುವ ಹಕ್ಕೂ ಸಿಗುತ್ತದೆ; ನೋಡಲಷ್ಟೇ ಬರುವ ನೋಟಕರಿಗೆ ಜೊತೆಯಲ್ಲೇ ‘ಆರ್’ (-r) ಕೊಡಿ. ‘ಎಲ್’ (-l) ಪಟ್ಟಿ ತೋರಿಸುತ್ತದೆ. ಸೆಷನ್ನಿಗೆ ಸೇರುವ ಅಟ್ಯಾಚ್ ಆದೇಶದಲ್ಲೂ ‘ಆರ್’ ಇದೆ, ಆದರೆ ಅದನ್ನು ಹಾಕಿಕೊಳ್ಳುವವನು ಅತಿಥಿ. ಬೀಗ ಅವನದೇ, ಕೀಲಿಯೂ ಅವನದೇ.

ನೋಟಕ ನಿರುಪದ್ರವಿ ಎಂದೂ ತಿಳಿಯಬೇಡಿ. ಅದೇ ಸಾಕೆಟ್ಟಿನ ಬೇರೆ ಸೆಷನ್ನಿಗೆ ದಾಟುವ ಕೀಲಿ ಅವನಿಗೂ ಕೆಲಸ ಮಾಡುತ್ತದೆ. ಆದ್ದರಿಂದ ಸ್ವಂತ ಕೆಲಸಕ್ಕೆ ಸಾಕೆಟ್ ಬೇರೆಯೇ ಇರಲಿ.

ಕೆಲಸ ಮುಗಿದಾಗ ಸರ್ವರ್-ಆಕ್ಸೆಸ್‌ಗೆ ‘ಡಿ’ (-d) ಕೊಟ್ಟರೆ ಹೆಸರು ಅಳಿಯುತ್ತದೆ, ಒಳಗಿದ್ದವರೂ ಆ ಕ್ಷಣ ಹೊರಬೀಳುತ್ತಾರೆ. ಟೈಪ್ ಮಾಡುವ ಹಕ್ಕಿದ್ದವರು ಬಿಟ್ಟುಹೋದದ್ದು ಮಾತ್ರ ಉಳಿದಿರುತ್ತದೆ. ಆ ಖಾತೆಯ ಕ್ರಾನ್‌ಟ್ಯಾಬ್ (ನಿಗದಿತ ಸಮಯಕ್ಕೆ ತಾನಾಗಿ ನಡೆಯುವ ಕೆಲಸಗಳ ಪಟ್ಟಿ), ಎಸ್‌ಎಸ್‌ಎಚ್ ಕೀಲಿ ಕಡತ (ಪಾಸ್‌ವರ್ಡ್ ಇಲ್ಲದೆ ದೂರದಿಂದ ಲಾಗಿನ್ ಆಗಬಲ್ಲವರ ಕೀಲಿಗಳು), ಹಿನ್ನೆಲೆಯಲ್ಲಿ ಓಡುತ್ತಿರುವ ಪ್ರೋಗ್ರಾಮುಗಳು, ಮೂರನ್ನೂ ತೆರೆದು ನೋಡಿ.