ಸಿಮೆಂಟ್ ಚೀಲದ ಅಂಕಿಯೂ ಬೂದಿಯ ಮೇಲಿನ ಅಪವಾದವೂ

ಮನೆ ಕಟ್ಟಿಸುವವರು ಸಿಮೆಂಟ್ ಅಂಗಡಿಯಲ್ಲಿ ಹೇಳುವ ಒಂದು ಮಾತನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ: ‘ತಾರಸಿಗೆ 53 ಕೊಡಿ, ಆ ಬೂದಿ ಸಿಮೆಂಟ್ ಮಾತ್ರ ಬೇಡ.’ ಇದರಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. 53 ಎಂಬುದನ್ನು ಪರೀಕ್ಷೆಯ ಅಂಕದಂತೆ ಓದುವುದು ಒಂದು, ಬೂದಿ ಎಂದರೆ ಕಲಬೆರಕೆ ಎಂದು ಭಾವಿಸುವುದು ಇನ್ನೊಂದು. ಮೊದಲನೆಯದನ್ನು ಬೇಗ ಮುಗಿಸಬಹುದು. ಎರಡನೆಯದಕ್ಕೆ ಕನ್ನಂಬಾಡಿಯವರೆಗೆ ಹೋಗಿಬರಬೇಕು.

ಪ್ರಯೋಗಾಲಯದಲ್ಲಿ 200 ಗ್ರಾಂ ಸಿಮೆಂಟಿಗೆ 600 ಗ್ರಾಂ ಮರಳು ಬೆರೆಸುತ್ತಾರೆ. ಅದು ಯಾವುದೋ ಹೊಳೆಯ ಮರಳಲ್ಲ, ಕಾಳಿನ ಗಾತ್ರ ಗೊತ್ತುಮಾಡಿದ, ತಮಿಳುನಾಡಿನ ಎಣ್ಣೂರಿನ ಮರಳು. ಹಾಕುವ ನೀರು ಸುಮಾರು 80ರಿಂದ 85 ಮಿಲಿಲೀಟರ್, ಒಂದು ಲೋಟಕ್ಕೂ ಕಡಿಮೆ. ಈ ಗಾರೆಯನ್ನು 7 ಸೆಂಟಿಮೀಟರಿಗಿಂತ ತುಸುವೇ ದೊಡ್ಡದಾದ ಘನಾಕೃತಿಯ ಅಚ್ಚಿಗೆ ತುಂಬಿ, ಯಂತ್ರದ ಮೇಲೆ ಅದುರಿಸಿ, ಮರುದಿನ ಅಚ್ಚು ಬಿಡಿಸಿ, 27 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರಿನಲ್ಲಿ ಮುಳುಗಿಸಿಡುತ್ತಾರೆ. 28ನೆಯ ದಿನ ಆ ಘನ ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ 53 ನ್ಯೂಟನ್ ಒತ್ತಡ ತಾಳಿದರೆ ಅದು 53 ಗ್ರೇಡ್. ಒಟ್ಟು ಭಾರ ಸುಮಾರು 27 ಟನ್, ಹೆಚ್ಚುಕಡಿಮೆ ಸರಕು ತುಂಬಿದ ಹತ್ತು ಚಕ್ರದ ಲಾರಿಯಷ್ಟು. 43 ಗ್ರೇಡಿಗೆ ಇದೇ ಲೆಕ್ಕ 22 ಟನ್. ಅಂಕಿಯ ಅರ್ಥ ಇಷ್ಟೇ. ಎಂ20, ಎಂ25 ಎಂಬುವು ಕಾಂಕ್ರೀಟಿನ ಗ್ರೇಡುಗಳು. ಅವುಗಳ ಅಚ್ಚು ಬೇರೆ, ಲೆಕ್ಕವೂ ಬೇರೆ. 53ರ ಚೀಲ ತಂದ ಮಾತ್ರಕ್ಕೆ ತಾರಸಿಯ ಕಾಂಕ್ರೀಟ್ 53 ಆಗುವುದಿಲ್ಲ.

43, 53 ಎರಡೂ ಗ್ರೇಡುಗಳ ಸಿಮೆಂಟಿನ ಮೂಲ ಒಂದೇ. ಸುಣ್ಣಕಲ್ಲನ್ನೂ ಜೇಡಿಯನ್ನೂ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಸಿಗುವ ಕ್ಲಿಂಕರ್ ಎಂಬ ಉಂಡೆಗಳನ್ನು ತುಸು ಜಿಪ್ಸಂ ಸೇರಿಸಿ ಅರೆದರೆ ಸಿಮೆಂಟ್. 53ರಲ್ಲಿ ಸಾಮಾನ್ಯವಾಗಿ ಬೇಗ ಗಟ್ಟಿಯಾಗುವ ಟ್ರೈಕ್ಯಾಲ್ಸಿಯಂ ಸಿಲಿಕೇಟ್ ಹೆಚ್ಚಿರುತ್ತದೆ, ಅರೆತವೂ ಹೆಚ್ಚು ನುಣುಪು. ಕೊರಡಿಗಿಂತ ಸಿಬಿರು ಬೇಗ ಹೊತ್ತಿಕೊಳ್ಳುವಂತೆ ನುಣ್ಣನೆಯ ಕಣ ನೀರಿನೊಡನೆ ಬೇಗ ವರ್ತಿಸುತ್ತದೆ. ಹಾಗಾಗಿ ಗ್ರೇಡಿನ ವ್ಯತ್ಯಾಸದಲ್ಲಿ ಬಹುಪಾಲು ವೇಗದ ವ್ಯತ್ಯಾಸವೇ. ವೇಗದ ಜೊತೆಗೆ ಶಾಖವೂ ಬರುತ್ತದೆ. ದಪ್ಪ ಪಾಯದಲ್ಲಿ ಒಳಗಿನ ಶಾಖ ಹೊರಬರಲಾಗದೆ ಬಿರುಕು ಮೂಡುವ ಅಪಾಯ ಹೆಚ್ಚುತ್ತದೆ.

ಇನ್ನು ಬೂದಿಯ ವಿಷಯ. ಸಿಮೆಂಟಿಗೆ ನೀರು ತಾಗಿದಾಗ ಮುಖ್ಯವಾಗಿ ಎರಡು ವಸ್ತುಗಳು ಹುಟ್ಟುತ್ತವೆ. ಒಂದು, ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಎಂಬ ಅಂಟು; ಕಾಂಕ್ರೀಟಿನ ಬಲವೆಲ್ಲ ಇದರದ್ದು. ಇನ್ನೊಂದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ವೀಳ್ಯದೆಲೆಗೆ ಸವರುವ ಅದೇ ಸುಣ್ಣ. ಇದು ಬಲಕ್ಕೆ ಹೆಚ್ಚೇನೂ ಕೂಡಿಸದು. ನೀರು ಜಿನುಗುವ ತಾರಸಿಯ ಅಡಿಯಲ್ಲಿ ಬಿಳಿ ಗೆರೆಗಳಾಗಿ ಇಳಿದುಬರುವುದೂ ಬಹುಮಟ್ಟಿಗೆ ಇದೇ. ರಾಯಚೂರಿನ ಶಕ್ತಿನಗರದಂಥ ಶಾಖೋತ್ಪನ್ನ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿದು ಹೊಗೆಯೊಡನೆ ಹಾರುವ ಬೂದಿಯಲ್ಲಿ ಗಾಜಿನಂಥ ಸಿಲಿಕಾ ಮಣಿಗಳಿರುತ್ತವೆ. ಅವು ಈ ಬೇಡದ ಸುಣ್ಣವನ್ನು ಹಿಡಿದು ಮತ್ತಷ್ಟು ಅಂಟನ್ನೇ ಮಾಡುತ್ತವೆ. ಆಲೆಮನೆಯಲ್ಲಿ ಹಿಂಡಿದ ಕಬ್ಬಿನ ಸಿಪ್ಪೆಯೇ ಒಲೆಗೆ ಹೋಗಿ ಅದೇ ಕಬ್ಬಿನ ಹಾಲನ್ನು ಬೆಲ್ಲವಾಗಿಸುವಂತೆ. ಅಡುಗೆಮನೆಯ ಕಲಗಚ್ಚು ಹಸುವಿನ ಹೊಟ್ಟೆ ಸೇರಿ ಹಾಲಾಗಿ ಅದೇ ಅಡುಗೆಮನೆಗೆ ಮರಳುವಂತೆ. ಆದರೆ ಸಿಮೆಂಟ್ ಮೊದಲು ಸುಣ್ಣವನ್ನು ಹೆತ್ತ ಮೇಲಷ್ಟೇ ಬೂದಿಗೆ ಕೆಲಸ. ಮೊದಲ ಪಂಕ್ತಿ ಎದ್ದ ಮೇಲೆ ಎರಡನೆಯ ಪಂಕ್ತಿ ಕೂರುವ ಹಾಗೆ. ಆದ್ದರಿಂದಲೇ ಮೂರನೆಯ ದಿನ 53 ಗ್ರೇಡಿನಿಂದ ಕನಿಷ್ಠ 27 ನ್ಯೂಟನ್ ಕೇಳುವ ಭಾರತೀಯ ಮಾನಕ, ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜೊಲಾನ ಸಿಮೆಂಟ್) ಎಂಬ ಈ ಬೂದಿ ಸಿಮೆಂಟಿನಿಂದ 16ನ್ನಷ್ಟೇ ಕೇಳುತ್ತದೆ. 28ನೆಯ ದಿನಕ್ಕೆ 33. ಅದರ ಬಲ ಅಲ್ಲಿಗೆ ನಿಲ್ಲದೆ, ತೇವ ಸಿಕ್ಕರೆ ತಿಂಗಳುಗಟ್ಟಲೆ ಏರುತ್ತದೆ. ರಂಧ್ರಗಳು ಮುಚ್ಚಿ ಕಾಂಕ್ರೀಟ್ ಬಿಗಿಯಾಗುತ್ತದೆ.

ಪಿಪಿಸಿಯ ನಡುವಿನ ‘ಪೊಜೊಲಾನ’ ಎಂಬ ಪದ ಇಟಲಿಯ ನೇಪಲ್ಸ್ ಬಳಿಯ ಪೊಜ್ಜುವೊಲಿ ಎಂಬ ಊರಿನದು. ಅಲ್ಲಿನ ಜ್ವಾಲಾಮುಖಿಯ ಬೂದಿಯನ್ನು ಸುಣ್ಣಕ್ಕೆ ಬೆರೆಸಿ ರೋಮನ್ನರು ನೀರಿನೊಳಗೂ ಗಟ್ಟಿಯಾಗುವ ಗಾರೆ ಮಾಡಿದರು. ನಮ್ಮಲ್ಲಿ ಜ್ವಾಲಾಮುಖಿ ಇರಲಿಲ್ಲ, ಇಟ್ಟಿಗೆ ಗೂಡುಗಳಿದ್ದವು. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಗಾಣದಲ್ಲಿ ಅರೆದ ಸುರ್ಕಿ ಗಾರೆಯ ರಸಾಯನವೂ ಇದೇ: ಸುಟ್ಟ ಮಣ್ಣಿನ ಸಿಲಿಕಾ ಸುಣ್ಣವನ್ನು ಹಿಡಿದು ಅಂಟಾಗುವುದು. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ. ಅದಾಗಿ ಎಂಬತ್ತೇಳು ವರ್ಷಗಳ ನಂತರ, 1911ರಲ್ಲಿ, ವಿಶ್ವೇಶ್ವರಯ್ಯನವರ ಕಾಲದಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಕೂಡಿಸಿರುವುದು ಸುರ್ಕಿ ಗಾರೆಯೇ. ಬೂದಿ ಸಿಮೆಂಟ್ ಬೇಡವೆನ್ನುವ ಬೆಂಗಳೂರಿನ ಎಷ್ಟೋ ಮನೆಗಳ ನಲ್ಲಿಯಲ್ಲಿ ಬರುವ ಕಾವೇರಿ ಆ ಕಟ್ಟೆಯ ಹಿಂದೆ ನಿಂತು ಬಂದ ನೀರು ಎಂಬುದು ನನಗೆ ಸದಾ ತಮಾಷೆಯಾಗಿ ಕಾಣುತ್ತದೆ. ಹಾಗೆಂದು ಒಲೆಯ ಬೂದಿಯನ್ನೋ ಇಟ್ಟಿಗೆ ಗೂಡಿನ ಬೂದಿಯನ್ನೋ ಬಾಂಡ್ಲಿಗೆ ಸುರಿಯಬಾರದು. ಕಾರ್ಖಾನೆಯಲ್ಲಿ 15ರಿಂದ 35 ಪ್ರತಿಶತದ ಮಿತಿಯೊಳಗೆ, ಪರೀಕ್ಷಿಸಿದ ಬೂದಿಯನ್ನು ಬೆರೆಸಿದ್ದೇ ಪಿಪಿಸಿ.

ಹೀಗಿರುವಾಗ ಸಾಧಾರಣ ಮನೆಯ ಪಾಯ, ಗೋಡೆ, ಗಿಲಾವಿಗೆ ಪಿಪಿಸಿಯೇ ಸಾಕು. ಗಿಲಾವಿಗೆ 53 ತರುವುದು ಹಣ ಕೊಟ್ಟು ಕೂದಲೆಳೆ ಬಿರುಕುಗಳನ್ನು ಕೊಂಡಂತೆ. ತಾರಸಿಗೂ ಪಿಪಿಸಿ ಆಗುತ್ತದೆ, ಸೆಂಟ್ರಿಂಗ್ ಬಿಚ್ಚಲು ಅವಸರಪಡದಿದ್ದರೆ. ಬೇಗ ಬಿಚ್ಚಲೇಬೇಕಾದ ಕೆಲಸಕ್ಕೆ 43 ಇದೆ. 53 ನಿಜಕ್ಕೂ ಬೇಕಾಗುವುದು ಸೇತುವೆಯ ತೊಲೆ, ಅಚ್ಚಿನಲ್ಲಿ ಎರಕ ಹೊಯ್ದು ಮರುದಿನವೇ ಎತ್ತುವ ತುಂಡುಗಳು, ಬಹುಮಹಡಿ ಕಟ್ಟಡಗಳ ಹೆಚ್ಚು ಬಲದ ಕಾಂಕ್ರೀಟಿಗೆ. ಕರಾವಳಿಯ ಉಪ್ಪು ಗಾಳಿಗೆ, ಸಲ್ಫೇಟ್ ಇರುವ ಮಣ್ಣಿಗೆ, ಕಬ್ಬಿಣದ ಅದಿರು ಕರಗಿಸುವ ಊದುಕುಲುಮೆಯ ಕಿಟ್ಟ ಬೆರೆಸಿ ಮಾಡಿದ ಸ್ಲ್ಯಾಗ್ ಸಿಮೆಂಟ್ ಹೆಚ್ಚು ಒಗ್ಗುತ್ತದೆ.

ಆದರೆ ಯಾವ ಚೀಲವನ್ನೇ ತಂದರೂ ಗ್ರೇಡನ್ನು ಕೆಳಗಿಳಿಸುವ ಒಂದು ವಸ್ತು ಕೆಲಸದ ಜಾಗದಲ್ಲೇ ಇರುತ್ತದೆ: ನೀರು. ಪ್ರಯೋಗಾಲಯದ ಅಳತೆಯನ್ನು 50 ಕಿಲೋ ಚೀಲಕ್ಕೆ ಹಿಗ್ಗಿಸಿದರೆ ಸುಮಾರು 21 ಲೀಟರ್. ಎಂ20 ಕಾಂಕ್ರೀಟಿಗೆ ಮಾನಕ ಒಪ್ಪುವ ಗರಿಷ್ಠ ಪ್ರಮಾಣವೇ ಚೀಲಕ್ಕೆ 30 ಲೀಟರ್, ಅದೂ ಮರಳಿನಲ್ಲಿ ಮೊದಲೇ ಇರುವ ತೇವವನ್ನು ಸೇರಿಸಿ. ನಮ್ಮ ಬೀದಿಯಲ್ಲಿ ಕಳೆದ ಬೇಸಿಗೆ ಒಂದು ತಾರಸಿಗೆ ಮೋಲ್ಡ್ ಹಾಕುತ್ತಿದ್ದಾಗ ಮಾಲು ಸಲೀಸಾಗಿ ಇಳಿಯಲೆಂದು ಮೇಸ್ತ್ರಿ ಮಿಕ್ಸರಿಗೆ ಮತ್ತೊಂದು ಬಕೆಟ್ ನೀರು ಸುರಿಸಿದರು. ಕಂಬಿಯ ಮೇಲೆ ಹರಡಿದ ಕಾಂಕ್ರೀಟಿನಿಂದ ಸಿಮೆಂಟಿನ ಹಾಲು ಹಲಗೆಗಳ ಸಂದಿಯಲ್ಲಿ ಸೋರಿ ಕೆಳಗಿನ ಮಣ್ಣನ್ನು ಬೂದುಬಣ್ಣ ಮಾಡಿತ್ತು. ಪಕ್ಕದಲ್ಲಿ ಪೇರಿಸಿದ್ದ ಚೀಲಗಳೆಲ್ಲವೂ 53. ತಯಾರಾದ ವಾರವನ್ನು ಚೀಲದ ಮೇಲೆ ಓದಿ ನೋಡಿದರೆ ಮೂರು ತಿಂಗಳು ದಾಟಿತ್ತು. ಅಷ್ಟು ಹಳೆಯ ಸಿಮೆಂಟನ್ನು ಮತ್ತೆ ಪರೀಕ್ಷಿಸದೆ ಬಳಸಬಾರದು. ಬಿಸಿಲಿನ ಕಾಲದಲ್ಲಿ ಕನಿಷ್ಠ 10 ದಿನ, ಪಿಪಿಸಿಯಾದರೆ 14 ದಿನ ನೀರು ನಿಲ್ಲಿಸಬೇಕಾದ ಆ ತಾರಸಿಯ ಗೋಣಿತಾಟುಗಳು ಐದನೆಯ ದಿನಕ್ಕೇ ಒಣಗಿ ಗಾಳಿಗೆ ಹಾರಾಡುತ್ತಿದ್ದವು.