ಪಾಯಿಂಟ್ ಅಂದರೆ ಏನು?

ವರ್ಷಗಟ್ಟಲೆ ನಿಂತ ಹಳೇ ಕಾರಿಗೆ ಹೊಸ ಬ್ಯಾಟರಿ ಹಾಕಿದ್ದಾಯಿತು. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಪೆಟ್ರೋಲೂ ಬರುತ್ತದೆ. ಪ್ಲಗ್‌ನಲ್ಲಿ ಮಾತ್ರ ಕಿಡಿ ಇಲ್ಲ. ಹಳೇ ಮೆಕ್ಯಾನಿಕ್ ಆಗ ಕೇಳುವುದು ಒಂದೇ: ‘ಪಾಯಿಂಟ್ ನೋಡಿದ್ರಾ?’

ಪೂರ್ತಿ ಹೆಸರು ಕಾಂಟ್ಯಾಕ್ಟ್ ಬ್ರೇಕರ್ ಪಾಯಿಂಟ್. ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಬ್ಬಿ, ಅಂದರೆ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ತೆಗೆದು, ಒಳಗೆ ತಿರುಗುವ ರೋಟರ್ ಎತ್ತಿದರೆ ಕಾಣುವ ಎರಡು ಪುಟ್ಟ ಟಂಗ್‌ಸ್ಟನ್ ಬೊಟ್ಟುಗಳು ಇವು. ಒಂದು ಅಲುಗುವುದಿಲ್ಲ. ಇನ್ನೊಂದನ್ನು ಎಂಜಿನ್ ಜೊತೆ ತಿರುಗುವ ಉಬ್ಬುಗಳ ಕ್ಯಾಮ್ ದೂಡಿ ಬಿಡಿಸುತ್ತದೆ, ಸ್ಪ್ರಿಂಗ್ ಮತ್ತೆ ಕೂಡಿಸುತ್ತದೆ.

ಹೆಸರಲ್ಲೇ ‘ಬ್ರೇಕರ್’ ಇದೆ ಅಲ್ವಾ? ಕರೆಂಟ್ ಕಡಿಯುವುದೇ ಇದರ ಕೆಲಸ. ಪಾಯಿಂಟ್ ಕೂಡಿದ್ದಾಗ ಬ್ಯಾಟರಿಯ ಕರೆಂಟ್ ಹರಿದು ಕಾಯಿಲ್ (ಎರಡು ತಂತಿ ಸುರುಳಿಗಳ ಜೋಡಿ) ಆಯಸ್ಕಾಂತವಾಗುತ್ತದೆ. ಬಿಟ್ಟುಕೊಂಡ ಕ್ಷಣ ಆ ಶಕ್ತಿ ಕುಸಿದು, ಕಾಯಿಲ್‌ನ ಇನ್ನೊಂದು ಸುರುಳಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಅದೇ ಕಿಡಿ. ನಾಲ್ಕು ಸಿಲಿಂಡರ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಪಾಯಿಂಟ್ 6000 ಸಲ ಕಡಿಯಬೇಕು! ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ಕ್ಯಾಡಿಲಾಕ್ ಕಾರುಗಳಿಗೆ ಅಳವಡಿಸಿದ ಏರ್ಪಾಡು ಇದು. ಎಲೆಕ್ಟ್ರಾನಿಕ್ ಇಗ್ನಿಷನ್ ಬಂದ ಮೇಲೆ ಮರೆಯಾಯಿತು.

ಓಡುವ ಗಾಡಿಯಲ್ಲಿ ಪಾಯಿಂಟ್ ಸುಟ್ಟು ಗುಳಿ ಬೀಳುತ್ತದೆ. ನಿಂತ ಗಾಡಿಯ ಕತೆಯೇ ಬೇರೆ. ತೇವಕ್ಕೆ ಬೊಟ್ಟುಗಳ ಮೇಲೆ ಕಿಲುಬಿನ ಹಾಗೆ ತೆಳ್ಳನೆ ಪದರ ಕೂರುತ್ತದೆ. ನೋಡೋಕೆ ಎರಡೂ ಮುಟ್ಟಿಕೊಂಡೇ ಇರುತ್ತವೆ, ಕರೆಂಟ್ ದಾಟುವುದಿಲ್ಲ. ಕೂಡಿದ್ದರೆ ತಾನೇ ಕಡಿಯುವುದು? ಎಷ್ಟೋ ಜನ ಇದನ್ನು ನೋಡದೆ ಸುಮ್ನೆ ಕಾಯಿಲ್ ಬದಲಿಸುತ್ತಾರೆ.

ಪರೀಕ್ಷೆಗೆ ಒಂದು ಟೆಸ್ಟ್ ಲ್ಯಾಂಪ್ ಸಾಕು. ಗಾಡಿ ನ್ಯೂಟ್ರಲ್‌ನಲ್ಲಿರಲಿ. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಸಣ್ಣ ವೈರಿನ ಟರ್ಮಿನಲ್‌ಗೆ ಲ್ಯಾಂಪಿನ ಒಂದು ತುದಿ, ಎಂಜಿನ್ ಬಾಡಿಗೆ ಇನ್ನೊಂದು ತುದಿ ತಾಗಿಸಿ ಸೆಲ್ಫ್ ಹೊಡೆಸಿ. ದೀಪ ಮಿಣುಕಿದರೆ ಪಾಯಿಂಟ್ ಕೂಡಿ ಬಿಡುತ್ತಿದೆ. ಆಮೇಲೆ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್, ರೋಟರ್, ಮುಚ್ಚಳದ ಸರದಿ. ಒಂದೇ ಸಮ ಉರಿದರೆ ಪಾಯಿಂಟ್ ಕೂಡುತ್ತಿಲ್ಲ. ಹತ್ತಲೇ ಇಲ್ಲವೆಂದರೆ ಕಾಯಿಲ್‌ಗೆ ಕರೆಂಟ್ ಬರುತ್ತಿಲ್ಲ, ಇಲ್ಲವೇ ಕಾಯಿಲ್ ಒಳಗೇ ತುಂಡಾಗಿದೆ, ಅದೂ ಅಲ್ಲದಿದ್ದರೆ ಪಾಯಿಂಟ್‌ನ ವೈರ್ ಎಲ್ಲೋ ಬಾಡಿಗೆ ತಾಗಿದೆ.

ಪದರ ತೆಗೆಯಲು ಕೀಲಿ ಆಫ್ ಮಾಡಿ, ನಯವಾದ ಅರದಿಂದ ನಾಲ್ಕು ಸಲ ಉಜ್ಜಿ. ಎಮರಿ ಪೇಪರ್ ಬೇಡ, ಅದರ ಪುಡಿ ನಡುವೆ ಸಿಕ್ಕಿಕೊಳ್ಳುತ್ತದೆ. ದಪ್ಪ ಕಾಗದದ ಚೂರೊಂದನ್ನು ನಡುವೆ ಹಾಯಿಸಿ ಒರೆಸಿ. ಕೊನೆಗೆ ದಪ್ಪ ಬರೆದ ತೆಳು ಪಟ್ಟಿಗಳ ಫೀಲರ್ ಗೇಜ್‌ನಿಂದ ಪಾಯಿಂಟ್ ಪೂರ್ತಿ ಬಿಟ್ಟುಕೊಂಡಾಗಿನ ಗ್ಯಾಪ್ ನೋಡಿ. ಜಾಸ್ತಿ ಕಾರುಗಳಲ್ಲಿ ಅದು ಅರ್ಧ ಮಿಲಿಮೀಟರ್ ಒಳಗೇ ಇರುತ್ತದೆ, ನಿಮ್ಮ ಕಾರಿನ ಕೈಪಿಡಿ ಹೇಳಿದ್ದೇ ಸರಿ. ಇನ್ನು ಮೇಲೆ ಕೀಲಿ ಆನ್ ಬಿಟ್ಟು ಹೋಗಬೇಡಿ: ಪಾಯಿಂಟ್ ಈಗ ಚೆನ್ನಾಗಿ ಕೂಡುತ್ತದೆ, ಎಂಜಿನ್ ನಿಂತೇ ಇದ್ದರೆ ಕಾಯಿಲ್ ಕಾದು ಸುಟ್ಟೀತು.