‘ಸರಾಸರಿ ಪ್ರಯಾಣಿಕ’ನನ್ನು ಕೈಬಿಟ್ಟ ಲೆಕ್ಕಶಾಸ್ತ್ರ

ಮಂಗಳೂರಿನಿಂದ ಉಡುಪಿಗೆ ಹೋಗಲು ಸ್ಟೇಟ್ ಬ್ಯಾಂಕ್ ಬಳಿ ಖಾಸಗಿ ಎಕ್ಸ್‌ಪ್ರೆಸ್ ಬಸ್ ಹತ್ತಬಹುದು, ಕೊಂಕಣ ರೈಲು ಹಿಡಿಯಬಹುದು, ಇಲ್ಲವೇ ಸ್ಕೂಟರಿನಲ್ಲಿ ಹೊರಡಬಹುದು. ರೈಲಿನವರು ಇಂದ್ರಾಳಿಯಲ್ಲಿ ಇಳಿದು ಪೇಟೆಗೆ ಮತ್ತೆ ಆಟೋ ಹುಡುಕಬೇಕು. ಇಂದ್ರಾಳಿಯಲ್ಲೇ ಮನೆ ಇರುವವರಿಗೆ ಅದೇ ಅನುಕೂಲ. ಯಾರು ಯಾವುದನ್ನು ಆರಿಸುತ್ತಾರೆಂದು ಲೆಕ್ಕ ಹಾಕುವ ಪ್ರಯತ್ನಕ್ಕೆ ಈಗ ಸುಮಾರು ನೂರು ವರ್ಷ.

1927ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಲ್. ಎಲ್. ಥರ್ಸ್ಟನ್, ಒಬ್ಬನೇ ಮನುಷ್ಯನ ಒಲವೂ ಗಳಿಗೆಗೊಂದು ರೀತಿ ಓಲಾಡುತ್ತದೆ, ಆದ್ದರಿಂದ ಆಯ್ಕೆಯನ್ನು ಸಂಭವನೀಯತೆಯಾಗಿ ಅಳೆಯಬೇಕು ಎಂದರು. 1959ರಲ್ಲಿ ಡಂಕನ್ ಲೂಸ್ ಅದಕ್ಕೊಂದು ಸರಳ ಸೂತ್ರ ಕೊಟ್ಟರು: ಎರಡು ಆಯ್ಕೆಗಳ ಸಂಭವನೀಯತೆಗಳ ನಡುವಿನ ಅನುಪಾತ, ಮೂರನೆಯದೊಂದು ಬಂದರೂ ಕದಲುವುದಿಲ್ಲ.

ಸರಳತೆಯಲ್ಲೇ ತೊಡಕು ಅಡಗಿತ್ತು. ಪ್ರಯಾಣಿಕರಲ್ಲಿ ಅರ್ಧ ಜನ ಸ್ಕೂಟರ್, ಅರ್ಧ ಜನ ಕೆಂಪು ಬಸ್ ಬಳಸುತ್ತಾರೆ ಎನ್ನೋಣ. ಅದೇ ದರ, ಅದೇ ವೇಳೆಯ ನೀಲಿ ಬಸ್ಸೊಂದು ಓಡತೊಡಗಿದರೆ ಮೂರಕ್ಕೂ ಮೂರನೇ ಒಂದು ಪಾಲು ಎನ್ನುತ್ತದೆ ಸೂತ್ರ. ಬಸ್ಸಿನ ಬಣ್ಣ ನೋಡಿ ಸ್ಕೂಟರ್ ಬಿಡುವವರು ಯಾರು? ಎರಡು ಬಸ್ಸುಗಳು ತಮ್ಮ ಅರ್ಧವನ್ನೇ ಹಂಚಿಕೊಳ್ಳುತ್ತವೆ, ಅಷ್ಟೆ.

ಹಾಗೆಂದು ಸೂತ್ರ ಮೂಲೆ ಸೇರಲಿಲ್ಲ. ಅದೇ ಬುನಾದಿಯ ಮೇಲೆ ಅರ್ಥಶಾಸ್ತ್ರಜ್ಞ ಡೇನಿಯಲ್ ಮೆಕ್‌ಫ್ಯಾಡನ್, ಸಮಯ, ದರದಂಥ ಅಂಶಗಳಿಗೆ ತೂಕ ಕೊಟ್ಟು ಪ್ರತಿ ಆಯ್ಕೆಯ ಸಂಭವನೀಯತೆ ಲೆಕ್ಕ ಹಾಕುವ ‘ಲಾಜಿಟ್’ ಮಾದರಿ ಕಟ್ಟಿದರು. 1972ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದಲ್ಲಿ ಹೊಸ ರೈಲು ಆರಂಭವಾದಾಗ ಶೇ 15ರಷ್ಟು ಪ್ರಯಾಣ ಅದರಲ್ಲೇ ನಡೆಯುತ್ತದೆ ಎಂಬುದು ಅಧಿಕೃತ ಅಂದಾಜು. ಮೆಕ್‌ಫ್ಯಾಡನ್ ತಂಡದ್ದು ಶೇ 6.3. ನಿಜವಾಗಿ ಬಂದದ್ದು ಶೇ 6.2! 2000ದಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಸಂದಿತು.

ಆದರೂ ಆ ಮಾದರಿಯ ಸರಳ ರೂಪದಲ್ಲಿ ಆದಾಯ, ವಯಸ್ಸಿನಂಥ ಕಣ್ಣಿಗೆ ಕಾಣುವ ವ್ಯತ್ಯಾಸಗಳಿಗಷ್ಟೇ ಜಾಗವಿತ್ತು. ಒಳಗಿನ ರುಚಿ ಎಲ್ಲರಿಗೂ ಒಂದೇ. ನಮ್ಮ ಕರಾವಳಿಯಲ್ಲಿ ಇದು ನಡೆಯುವ ಮಾತಲ್ಲ. ಕುಚ್ಚಲಕ್ಕಿಯವರು ಅರ್ಧ, ಬೆಳ್ತಿಗೆಯವರು ಅರ್ಧ ಇರುವ ಮದುವೆಯೂಟದಲ್ಲಿ ಸರಾಸರಿ ತೆಗೆದರೆ ‘ಅಕ್ಕಿ ಯಾವುದಾದರೂ ಸರಿ’ ಎನ್ನುವ, ಪಂಕ್ತಿಯಲ್ಲಿ ಎಲ್ಲೂ ಇಲ್ಲದ ಅತಿಥಿಯೊಬ್ಬ ಹುಟ್ಟುತ್ತಾನೆ.

1980ರ ಸುಮಾರಿಗೆ ಕಾರು ಖರೀದಿಯ ಅಧ್ಯಯನಗಳಲ್ಲಿ ಕಾಣಿಸಿಕೊಂಡ ‘ಮಿಶ್ರ ಲಾಜಿಟ್’ ಈ ಅತಿಥಿಯನ್ನು ಹೊರಗಟ್ಟಿತು. ಸಮಯಕ್ಕೆ, ದರಕ್ಕೆ ಜನ ಕೊಡುವ ತೂಕ ಅಲ್ಲಿ ಒಂದೇ ಅಂಕಿಯಲ್ಲ. ಜನರ ನಡುವೆ ಹರಡಿಕೊಂಡ ವಿತರಣೆ. ಕೆಂಪು–ನೀಲಿ ಬಸ್ಸಿನ ತೊಡಕೂ ಇದರಿಂದ ಸಡಿಲವಾಯಿತು: ಬಸ್ಸನ್ನೇ ಮೆಚ್ಚುವವರು ಒಂದು ಬಸ್ ತಪ್ಪಿದರೆ ಇನ್ನೊಂದಕ್ಕೆ ಹೋಗುತ್ತಾರೆಯೇ ಹೊರತು ಸ್ಕೂಟರಿಗಲ್ಲ. ಲೆಕ್ಕ ಮಾತ್ರ ಭಾರಿ. ಕಂಪ್ಯೂಟರುಗಳು ಬಲಿತ ಮೇಲೆಯೇ ಅದು ಬಳಕೆಗೆ ಬಂದದ್ದು.

ಹೊಸ ಮಾಹಿತಿ ಸಿಕ್ಕಂತೆ ಅಂದಾಜನ್ನು ತಿದ್ದಿಕೊಳ್ಳುವ, ಮುಂದೆ ಬಂದ ಬೇಯ್ಸ್ ವಿಧಾನ ಇನ್ನೂ ಒಂದು ಹೆಜ್ಜೆ ಹೋಗಿ ಒಬ್ಬೊಬ್ಬರ ತೂಕವನ್ನೇ ಅಂದಾಜಿಸುತ್ತದೆ. ಸಮೀಕ್ಷೆಯಲ್ಲಿ ಒಬ್ಬರು ಕೊಟ್ಟ ಉತ್ತರ ಕಡಿಮೆಯಿದ್ದರೆ ಉಳಿದವರ ಉತ್ತರಗಳಿಂದ ಕಡ ತರುತ್ತದೆ. ಅವರದೇ ಉತ್ತರ ಹೆಚ್ಚಿದಂತೆ ಕಡ ಇಳಿಯುತ್ತದೆ.